ವೆಂಡರ್ ರೇಟಿಂಗ್‌ನಲ್ಲಿ 71 ಬಂದರೆ: ಕೊಳ್ಳುವವರು, ಕೊಡುವವರು ಒಂದೇ ತಕ್ಕಡಿ ನೋಡುವುದು ಹೇಗೆ?

ಪ್ರಶ್ನೆ: ನಮ್ಮದು ಶಿವಮೊಗ್ಗದ ಮಾಚೇನಹಳ್ಳಿಯಲ್ಲಿ ಒಂದು ಸಣ್ಣ ಫೌಂಡ್ರಿ, ಪಕ್ಕದಲ್ಲೇ ಐದು ಮಷಿನ್‌ಗಳ ಶೆಡ್. ಹನ್ನೊಂದು ವರ್ಷದಿಂದ ಬೆಂಗಳೂರಿನ ಒಂದು ಪಂಪ್ ಕಂಪನಿಗೆ ಎರಕದ ಬಿಡಿಭಾಗ ಕೊಡುತ್ತಿದ್ದೇವೆ. ಪ್ರತಿ ತಿಂಗಳೂ ಅವರಿಂದ ವೆಂಡರ್ ರೇಟಿಂಗ್, ಅಂದರೆ ಸರಬರಾಜುದಾರರಿಗೆ ಹಾಕುವ ಅಂಕಪಟ್ಟಿ, ಬರುತ್ತದೆ. ಕಳೆದ ತಿಂಗಳು ಡೆಲಿವರಿಗೆ 71 ಹಾಕಿ ‘ಸಿ’ ದರ್ಜೆಗೆ ಇಳಿಸಿದ್ದಾರೆ. ಈಗ ಅವರೇ ‘ಇನ್ನು ಮುಂದೆ ನಾವು ಪಾಲುದಾರರು, ಇಬ್ಬರ ಕೆಲಸವನ್ನೂ ಒಟ್ಟಿಗೆ ಅಳೆಯೋಣ, ನಿಮ್ಮ ಸಲಹೆ ಕಳಿಸಿ’ ಎಂದು ಮೇಲ್ ಹಾಕಿದ್ದಾರೆ. ಏನನ್ನು ಅಳೆಯಬೇಕು, ಹೇಗೆ? ಅವರ ಕಡೆಯ ತಪ್ಪನ್ನೂ ಬರೆದರೆ ಆರ್ಡರ್ ಕಡಿಮೆ ಮಾಡಿಯಾರು ಅನ್ನುವ ಅಂಜಿಕೆಯೂ ಇದೆ. ಷೆಡ್ಯೂಲ್, ಡಿ.ಸಿ. (ಡೆಲಿವರಿ ಚಲನ್), ರಿಜೆಕ್ಷನ್ ವರದಿಗಳ ಪ್ರತಿ ಕಳಿಸಿದ್ದೇನೆ.

ಉತ್ತರ: ನೀವು ಕಳಿಸಿದ ಕಾಗದಗಳನ್ನು ಮುಂದಿಟ್ಟುಕೊಂಡೇ ಬರೆಯುತ್ತಿದ್ದೇನೆ. ಮೊದಲು ಆ 71ನ್ನು ಬಿಡಿಸೋಣ. 1ನೇ ತಾರೀಕಿನ ಷೆಡ್ಯೂಲ್‌ನಲ್ಲಿ ಬೇರಿಂಗ್ ಹೌಸಿಂಗ್ (ಪಂಪಿನ ಬೇರಿಂಗ್ ಕೂರುವ ಎರಕದ ಕವಚ) 1200 ಎಂದಿದೆ. 12ನೇ ತಾರೀಕು ಅದನ್ನು 1600 ಮಾಡಿದ್ದಾರೆ. ತಿಂಗಳ ಕೊನೆಯ ಹೊತ್ತಿಗೆ ನೀವು ಕಳಿಸಿದ್ದು 1140. ಅದನ್ನು 1600ರಿಂದ ಭಾಗಿಸಿದರೆ ಶೇ. 71. ಮೊದಲಿನ 1200ರಿಂದ ಭಾಗಿಸಿದರೆ ಶೇ. 95. ಸರಕು ಅದೇ, ಲಾರಿ ಅದೇ, ಡಿ.ಸಿ. ಅದೇ. ಯಾವ ದಿನದ ಷೆಡ್ಯೂಲ್ ಹಿಡಿದು ಲೆಕ್ಕ ಹಾಕಿದರು ಅನ್ನುವುದೊಂದೇ ವ್ಯತ್ಯಾಸ. ಇನ್ನೊಂದನ್ನೂ ಗಮನಿಸಿ: ಮರು ತಿಂಗಳ ಷೆಡ್ಯೂಲ್ 700ಕ್ಕೆ ಇಳಿದಿದೆ. ಎರಡು ತಿಂಗಳು ಕೂಡಿಸಿದರೆ 2300. ತಿಂಗಳಿಗೆ 1200ರಂತೆ ಸುಮ್ಮನೆ ಮಾಡಿಕೊಂಡು ಹೋಗಿದ್ದರೆ 2400 ಆಗುತ್ತಿತ್ತು. ಅಂದರೆ ಅವರ ಅಗತ್ಯ ಹೆಚ್ಚುಕಡಿಮೆ ಇದ್ದಲ್ಲೇ ಇದೆ, ಕುಣಿದದ್ದು ಕಾಗದ. ಆ ಕುಣಿತಕ್ಕೆ ನೀವು ಮೊದಲ ತಿಂಗಳು ಓವರ್‌ಟೈಮ್ ಕೊಟ್ಟಿರಿ, ಎರಡನೇ ತಿಂಗಳು ಫರ್ನೇಸ್ ಅರ್ಧ ದಿನ ಖಾಲಿ ಇಟ್ಟಿರಿ.

ಇದನ್ನು ಅವರ ಮೋಸ ಅಂತ ನಾನು ಹೇಳುವುದಿಲ್ಲ. ಹದಿನೆಂಟು ವರ್ಷ ನಾನೂ ಪರ್ಚೇಸ್ ವಿಭಾಗದಲ್ಲಿ ಕೂತು ಇಂಥದ್ದೇ ಹಾಳೆ ತುಂಬಿಸಿದವನು. ಕಂಪ್ಯೂಟರ್ ಕೊನೆಯ ಷೆಡ್ಯೂಲ್ ಹಿಡಿದುಕೊಳ್ಳುತ್ತದೆ, ಮೊದಲಿನದು ಅಳಿಸಿಹೋಗುತ್ತದೆ, ಅಂಕ ತಾನಾಗಿ ಬೀಳುತ್ತದೆ. ಹಾಳೆ ತಯಾರಿಸುವ ಹುಡುಗನಿಗೆ 12ನೇ ತಾರೀಕು ಏನಾಯಿತು ಅನ್ನುವುದೇ ಗೊತ್ತಿರುವುದಿಲ್ಲ. ತೊಂದರೆ ಇರುವುದು ಆ ಹಾಳೆಯ ಸ್ವಭಾವದಲ್ಲಿ. ಒಬ್ಬರು ಬರೆಯುತ್ತಾರೆ, ಇನ್ನೊಬ್ಬರು ಓದಿಕೊಳ್ಳುತ್ತಾರೆ. ಶಾಲೆಯ ಅಂಕಪಟ್ಟಿಗೆ ಅದು ಸರಿ. ಅವರು ಈಗ ಪಾಲುದಾರರು ಎಂದು ಬರೆದಿದ್ದಾರಲ್ಲ, ಆ ಮಾತನ್ನು ನೀವು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಪಾಲುದಾರಿಕೆಯನ್ನು ಅಳೆಯುವ ಅಂಕಿ ಯಾವುದೆಂದರೆ, ಇಬ್ಬರಲ್ಲಿ ಒಬ್ಬರೇ ಏನು ಮಾಡಿದರೂ ಸರಿಹೋಗದೆ, ಇಬ್ಬರೂ ಕೈ ಹಾಕಿದರೆ ಮಾತ್ರ ಸರಿಯಾಗುವಂಥದ್ದು. ನೀವು ಎಷ್ಟೇ ದುಡಿದರೂ 12ನೇ ತಾರೀಕಿನ ಬದಲಾವಣೆಯನ್ನು ತಡೆಯಲಾರಿರಿ. ಅವರು ಎಷ್ಟೇ ಚೆನ್ನಾಗಿ ಪ್ಲಾನ್ ಮಾಡಿದರೂ ನಿಮ್ಮ ಮರಳಿನ ತೇವವನ್ನು ಅಲ್ಲಿಂದ ಸರಿಮಾಡಲಾರರು. ಈ ಎರಡನ್ನೂ ಒಟ್ಟಿಗೆ ಹಿಡಿಯುವ ಅಂಕಿಗಳನ್ನೇ ನಾನು ಮುಂದೆ ಹೇಳುತ್ತೇನೆ.

ನಮ್ಮ ಕಡೆಯ ಚೇಣಿ ವ್ಯವಹಾರ, ಅಂದರೆ ಅಡಿಕೆ ಫಸಲನ್ನು ಗುತ್ತಿಗೆಗೆ ಕೊಡುವುದು, ನಿಮಗೆ ಗೊತ್ತೇ ಇದೆ. ಅಡಿಕೆ ಕೊನೆ (ಗೊಂಚಲು) ಇಳಿಸಿದ ದಿನ ತೋಟದ ಅಂಚಿನಲ್ಲಿ ತಕ್ಕಡಿ ಕಟ್ಟುತ್ತಾರೆ. ಹಸಿ ಅಡಿಕೆ ತುಂಬಿದ ಚೀಲ ಏರುತ್ತದೆ, ತೋಟದವರು ಒಂದು ಕಡೆ, ಚೇಣಿದಾರರು ಇನ್ನೊಂದು ಕಡೆ ನಿಂತು ಮುಳ್ಳು ನೋಡುತ್ತಾರೆ, ಇಬ್ಬರೂ ತಮ್ಮ ತಮ್ಮ ಚೀಟಿ ಪುಸ್ತಕದಲ್ಲಿ ಅದೇ ತೂಕ ಬರೆದುಕೊಳ್ಳುತ್ತಾರೆ. ಕ್ವಿಂಟಲ್ ಹಸಿಗೆ ಒಣ ಅಡಿಕೆ ಎಷ್ಟು ಕೆಜಿ ಅನ್ನುವುದು ಮೊದಲೇ ಮಾತಾಗಿರುತ್ತದೆ. ಆ ಮಾತಿನ ಮೇಲೆ ಚೌಕಾಸಿ ನಡೆದೀತು, ಜಗಳವೂ ಆದೀತು. ಆದರೆ ತೂಕ ಎಷ್ಟು ಬಂತು ಅನ್ನುವುದರ ಮೇಲೆ ಜಗಳವಿಲ್ಲ, ಯಾಕೆಂದರೆ ನೋಡಿದವರು ಇಬ್ಬರು. ನಿಮ್ಮ ವ್ಯವಹಾರದಲ್ಲಿ ಹನ್ನೊಂದು ವರ್ಷದಿಂದ ಒಬ್ಬರೇ ಮುಳ್ಳು ನೋಡುತ್ತಿದ್ದಾರೆ. ಆದ್ದರಿಂದ ಮೊದಲ ಸಲಹೆಯಾಗಿ ಹೊಸ ಅಂಕಿ ಕೇಳಬೇಡಿ, ವ್ಯಾಖ್ಯೆ ಕೇಳಿ. ಯಾವ ದಿನದ ಷೆಡ್ಯೂಲ್ ಲೆಕ್ಕಕ್ಕೆ? ‘ತಲುಪಿತು’ ಅಂದರೆ ಗೇಟ್ ಎಂಟ್ರಿಯೋ, ಜಿ.ಆರ್.ಎನ್. (ತಪಾಸಣೆ ಮುಗಿಸಿ ಸರಕು ಸ್ವೀಕರಿಸಿದ ಚೀಟಿ) ಆದ ದಿನವೋ? ಪೂರ್ತಿ ಅಂದರೆ ನೂರಕ್ಕೆ ನೂರೋ, ಎರಡು ಮೂರು ಹೆಚ್ಚುಕಡಿಮೆ ನಡೆಯುತ್ತದೆಯೋ? ಈ ಮೂರು ಪ್ರಶ್ನೆಗೆ ಇಬ್ಬರೂ ಒಪ್ಪಿದ ಉತ್ತರ ಒಂದು ಹಾಳೆಯಲ್ಲಿ ಬರಲಿ, ಅದರ ಕೆಳಗೆ ಎರಡು ಸಹಿ ಬೀಳಲಿ.

ಈಗ ಅಂಕಿಗಳು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ದಿನಗಳ ಲೆಕ್ಕ. ನಿಮ್ಮಲ್ಲಿ ಕಬ್ಬಿಣ ಹೊಯ್ದ ದಿನದಿಂದ ಅವರ ಲೈನ್‌ನಲ್ಲಿ ಆ ತುಂಡು ಪಂಪ್‌ಗೆ ಕೂರುವ ದಿನದವರೆಗೆ ಎಷ್ಟು ದಿನ? ಇದನ್ನು ಅಳೆಯಲು ಫೌಂಡ್ರಿಯವರಿಗೆ ದೇವರೇ ಕೊಟ್ಟಂಥ ಒಂದು ಅನುಕೂಲವಿದೆ: ಹೀಟ್ ನಂಬರ್, ಅಂದರೆ ಒಂದು ಸಲ ಕರಗಿಸಿ ಹೊಯ್ದ ಲೋಹಕ್ಕೆ ಹಾಕುವ ಸಂಖ್ಯೆ. ಪ್ರತಿ ತುಂಡಿನ ಮೈಮೇಲೆ ಅದು ಹುಟ್ಟಿದ ದಿನ ಬರೆದೇ ಇರುತ್ತದೆ. ಸಾಫ್ಟ್‌ವೇರ್ ಬೇಡ, ಬಾರ್‌ಕೋಡ್ ಬೇಡ, ಒಂದು ಹೀಟ್ ನಂಬರ್ ಹಿಡಿದು ಅದರ ಹಿಂದೆ ನಡೆಯಬೇಕು ಅಷ್ಟೆ.

ಕೆಲವು ವರ್ಷದ ಹಿಂದೆ ಭದ್ರಾವತಿ ರಸ್ತೆಯ ಒಂದು ಫೌಂಡ್ರಿಯಲ್ಲಿ ನಾನು ಹಾಗೆ ನಡೆದಿದ್ದೇನೆ. 3ನೇ ತಾರೀಕು ಮಧ್ಯಾಹ್ನ ಹೊಯ್ದರು. ಮರುದಿನ ಅಚ್ಚು ಒಡೆದು, 5ಕ್ಕೆ ಫೆಟ್ಲಿಂಗ್ (ಎರಕದ ಹೆಚ್ಚುವರಿ ಅಂಚು ಕಡಿದು ಉಜ್ಜುವ ಕೆಲಸ) ಮುಗಿಯಿತು. ಆಮೇಲೆ ಆ ತುಂಡುಗಳು ಶೆಡ್ಡಿನ ಹಿಂದಿನ ಗೋಡೆಗೆ ಒರಗಿಕೊಂಡು 11ರವರೆಗೆ ಕೂತವು. ಮಳೆಗಾಲ, ತಗಡಿನ ಸೋರಿಕೆಗೆ ಸಿಕ್ಕಿದ ನಾಲ್ಕೈದರ ಮೇಲೆ ಆಗಲೇ ಕೆಂಪು ತುಕ್ಕು ಹೂವಿನಂತೆ ಅರಳಿತ್ತು, ಅದನ್ನು ಉಜ್ಜಲು ಒಬ್ಬ ಹೆಂಗಸು ಬ್ರಷ್ ಹಿಡಿದು ಕೂತಿದ್ದರು. ಆ ಉಜ್ಜುವ ಕೂಲಿ ಯಾವ ಲೆಕ್ಕದಲ್ಲೂ ಇರಲಿಲ್ಲ. 11ಕ್ಕೆ ರಫ್ ಮಷಿನಿಂಗ್, ತುಂಡಿಗೆ ಇಪ್ಪತ್ತು ನಿಮಿಷ. ಆಮೇಲೆ ಲಾರಿ ತುಂಬಲಿ ಎಂದು 16ರವರೆಗೆ ಮತ್ತೆ ಕಾಯ್ದವು. ರಾತ್ರಿ ಲಾರಿ ತರೀಕೆರೆ, ಕಡೂರು, ಅರಸೀಕೆರೆ, ತುಮಕೂರು ಹಾದು 17ರ ಬೆಳಿಗ್ಗೆ ಬೆಂಗಳೂರಿನ ಗೇಟ್ ಮುಂದೆ ನಿಂತಿತು. ಜಿ.ಆರ್.ಎನ್. ಆದದ್ದು 24ಕ್ಕೆ. ಲೈನ್‌ಗೆ ಹೋದದ್ದು ಮುಂದಿನ ತಿಂಗಳ 6ಕ್ಕೆ. ಒಟ್ಟು 33 ದಿನ. ಫೌಂಡ್ರಿಯಲ್ಲಿ 13, ದಾರಿಯಲ್ಲಿ 1, ಕೊಳ್ಳುವವರ ಕಾಂಪೌಂಡ್ ಒಳಗೆ 19. ಅಷ್ಟೂ ದಿನದಲ್ಲಿ ಆ ತುಂಡಿಗೆ ಮನುಷ್ಯರ ಕೈ ತಾಗಿದ ಹೊತ್ತು ಎರಡು ದಿನವೂ ಇರಲಿಲ್ಲ.

ಈ ಲೆಕ್ಕವನ್ನು ಒಂದು ಉದ್ದದ ಗೆರೆಯಾಗಿ ಎಳೆದು ಎರಡೂ ಕಡೆಯವರ ಮುಂದೆ ಹಾಸಿದಾಗ ಸಭೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅಲ್ಲಿಯವರೆಗೆ ಕೊಳ್ಳುವವರು ‘ನಿಮ್ಮ ಫೌಂಡ್ರಿ ನಿಧಾನ’ ಎನ್ನುತ್ತಿದ್ದರು, ಫೌಂಡ್ರಿಯವರು ‘ನಿಮ್ಮ ಇನ್‌ಸ್ಪೆಕ್ಷನ್ ನಿಧಾನ’ ಎನ್ನುತ್ತಿದ್ದರು. ಇಬ್ಬರ ಮಾತೂ ನಿಜವಾಗಿತ್ತು, ಆದರೆ ಬರೀ ದೂರಿನ ರೂಪದಲ್ಲಿದ್ದಾಗ ಅದರಿಂದ ಏನೂ ಆಗಲಿಲ್ಲ. ಗೆರೆ ನೋಡಿದ ಮೇಲೆ ಲಾರಿಯ ಐದು ದಿನಕ್ಕೆ ಉಪಾಯ ಸಿಕ್ಕಿತು: ಅದೇ ಎಸ್ಟೇಟ್‌ನ ಇನ್ನೊಂದು ಯೂನಿಟ್ ಕೂಡ ಅದೇ ಕಡೆಗೆ ಸರಕು ಕಳಿಸುತ್ತಿತ್ತು, ಇಬ್ಬರೂ ವಾರಕ್ಕೆ ಎರಡು ಲಾರಿ ಹಂಚಿಕೊಂಡರು. ಜಿ.ಆರ್.ಎನ್.ನ ಏಳು ದಿನಕ್ಕೆ ಕೊಳ್ಳುವವರು ಒಪ್ಪಿಕೊಂಡರು: ಫೌಂಡ್ರಿಯ ಟೆಸ್ಟ್ ಸರ್ಟಿಫಿಕೇಟ್ ಇದ್ದು, ಸತತ ಐದು ಲಾಟ್ ಸರಿಯಾಗಿದ್ದರೆ, ಆರನೆಯದು ತಪಾಸಣೆಗೆ ಕಾಯದೆ ನೇರ ಸ್ಟೋರ್‌ಗೆ. ಎಂಟು ತಿಂಗಳಲ್ಲಿ 33 ದಿನ 19ಕ್ಕೆ ಇಳಿಯಿತು. ಅದಕ್ಕಾಗಿ ಯಾರೂ ಒಂದು ಮಷಿನ್ ಕೊಳ್ಳಲಿಲ್ಲ.

ದಿನಗಳ ಜೊತೆಗೇ ದಾಸ್ತಾನು ಬರುತ್ತದೆ, ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ‘ನಮ್ಮ ಸ್ಟಾಕ್ ಕಡಿಮೆ ಮಾಡಬೇಕು, ನೀವೇ ಇಟ್ಟುಕೊಂಡು ಬೇಕಾದಾಗ ಕಳಿಸಿ’ ಎಂದು ಕೊಳ್ಳುವವರು ಹೇಳುವುದು ರೂಢಿ. ಅವರ ಪುಸ್ತಕದಲ್ಲಿ ದಾಸ್ತಾನು ಇಳಿಯುತ್ತದೆ, ನಿಮ್ಮದರಲ್ಲಿ ಏರುತ್ತದೆ, ಒಟ್ಟು ಇದ್ದಷ್ಟೇ ಇರುತ್ತದೆ. ಸಾಲದ್ದಕ್ಕೆ ಸಣ್ಣ ಉದ್ಯಮದವರು ಬ್ಯಾಂಕಿಗೆ ಕಟ್ಟುವ ಬಡ್ಡಿ ದೊಡ್ಡವರದ್ದಕ್ಕಿಂತ ಸಾಮಾನ್ಯವಾಗಿ ಹೆಚ್ಚು, ಹಾಗಾಗಿ ಅದೇ ಕಬ್ಬಿಣ ನಿಮ್ಮ ಶೆಡ್ಡಿನಲ್ಲಿ ಕೂತರೆ ಹೆಚ್ಚು ದುಬಾರಿ. ಆದ್ದರಿಂದ ಹಾಳೆಯಲ್ಲಿ ಬರೆಯಬೇಕಾದದ್ದು ಇಬ್ಬರ ದಾಸ್ತಾನನ್ನೂ ಕೂಡಿಸಿದ ಅಂಕಿ.

ಆ ಅಂಕಿಯನ್ನು ತಿದ್ದಲು ಜನ ಏನೇನು ಮಾಡುತ್ತಾರೆ ಅನ್ನುವುದಕ್ಕೆ ನನ್ನದೇ ತಪ್ಪನ್ನು ಹೇಳುತ್ತೇನೆ. ನಾನಿದ್ದ ಕಾರ್ಖಾನೆಯಲ್ಲಿ ತಿಂಗಳ ಕೊನೆಗೆ ಸ್ಟಾಕ್ ಕಡಿಮೆ ಕಾಣಬೇಕೆಂದು 28ರಿಂದ ಬಂದ ಲಾರಿಗಳನ್ನು ಗೇಟ್ ಹೊರಗೇ ನಿಲ್ಲಿಸುತ್ತಿದ್ದೆವು. ಒಂದು ಸಲ ಮೂರು ದಿನ ನಿಂತ ಲಾರಿಯ ಡ್ರೈವರ್ ರಸ್ತೆ ಬದಿ ಸ್ಟವ್ ಹಚ್ಚಿ ಅನ್ನ ಬೇಯಿಸಿಕೊಳ್ಳುತ್ತಿದ್ದರು, ನಾನು ಸಂಜೆ ಮನೆಗೆ ಹೋಗುವಾಗ ದಿನವೂ ಅವರನ್ನು ನೋಡುತ್ತಿದ್ದೆ. 1ನೇ ತಾರೀಕು ಒಳಗೆ ಬಿಟ್ಟೆವು. ಆ ತಿಂಗಳ ವೆಂಡರ್ ರೇಟಿಂಗ್‌ನಲ್ಲಿ ಆ ಸರಕಿಗೆ ‘ತಡ’ ಎಂದು ಬಿತ್ತು. ಸಹಿ ಮಾಡಿದವನು ನಾನು. ಆ ವೆಂಡರ್ ಒಂದು ಮಾತೂ ಕೇಳಲಿಲ್ಲ, ಕೇಳಬಹುದಾದ ಜಾಗವೇ ಅವರಿಗೆ ಇರಲಿಲ್ಲ. ಅದಕ್ಕೇ ನಾನು ‘ತಲುಪಿತು’ ಅನ್ನುವುದಕ್ಕೆ ಗೇಟ್ ಎಂಟ್ರಿಯ ದಿನಾಂಕವನ್ನೇ ಹಿಡಿಯಿರಿ ಎಂದು ಒತ್ತಿ ಹೇಳುವುದು. ಎಂಟ್ರಿಯನ್ನೇ ಮಾಡದೆ ಹೊರಗೆ ನಿಲ್ಲಿಸುತ್ತಾರೆಂಬ ಅನುಮಾನವಿದ್ದರೆ, ಡ್ರೈವರ್ ಗೇಟ್ ಮುಂದೆ ನಿಂತು ಕಳಿಸಿದ ವಾಟ್ಸಾಪ್ ಫೋಟೊದ ಸಮಯ ಸಾಕು.

ಎರಡನೆಯದು ಷೆಡ್ಯೂಲ್‌ನ ಸ್ಥಿರತೆ. ತಿಂಗಳ 1ಕ್ಕೆ ಕೊಟ್ಟ ಅಂಕಿಗೂ ಕೊನೆಗೆ ನಿಜವಾಗಿ ಬಳಸಿದ ಅಂಕಿಗೂ ಎಷ್ಟು ಅಂತರ ಅನ್ನುವುದನ್ನು ಪ್ರತಿ ತಿಂಗಳು ಬರೆಯಬೇಕು. ಸರಬರಾಜಿನ ಸರಪಳಿಯಲ್ಲಿ ಕೆಳಗಿನ ಅಂಗಡಿಯ ಸಣ್ಣ ಏರಿಳಿತ ಮೇಲಕ್ಕೆ ಬರಬರುತ್ತಾ ದೊಡ್ಡದಾಗುವುದನ್ನು ಅಮೆರಿಕದ ಎಂಐಟಿಯ ಜೇ ಫಾರೆಸ್ಟರ್ 1961ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. 1997ರಲ್ಲಿ ಸಂಶೋಧಕ ಹಾವ್ ಲೀ ಮತ್ತು ಅವರ ಇಬ್ಬರು ಜೊತೆಗಾರರು ಅದರ ಕಾರಣಗಳನ್ನು ನಾಲ್ಕಾಗಿ ಬಿಡಿಸಿದರು: ಕೆಳಗಿನವರ ಆರ್ಡರನ್ನೇ ನಿಜವಾದ ಬೇಡಿಕೆ ಎಂದುಕೊಳ್ಳುವುದು, ಆರ್ಡರ್‌ಗಳನ್ನು ಕೂಡಿಹಾಕಿ ಒಮ್ಮೆಲೇ ಕೊಡುವುದು, ದರದ ಏರಿಳಿತಕ್ಕೆ ಮುಂಗಡ ಕೊಂಡಿಟ್ಟುಕೊಳ್ಳುವುದು, ಸಿಗದೇ ಹೋದೀತೆಂದು ಬೇಕಾದ್ದಕ್ಕಿಂತ ಹೆಚ್ಚು ಬರೆಯುವುದು. ಮಗುವಿನ ಡಯಾಪರ್‌ನಂಥ ದಿನನಿತ್ಯ ಒಂದೇ ಸಮ ಖರ್ಚಾಗುವ ವಸ್ತುವಿನಲ್ಲೂ ಈ ಕುಣಿತ ಕಂಡು ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನವರು ಅದಕ್ಕೆ ಚಾಟಿಯ ಹೆಸರಿಟ್ಟರು, ಹಿಡಿಯಲ್ಲಿ ಸ್ವಲ್ಪ ಅಲುಗಿದರೆ ತುದಿಯಲ್ಲಿ ದೊಡ್ಡದಾಗಿ ಬೀಸುತ್ತದಲ್ಲ, ಹಾಗೆ. ನಿಮ್ಮ 1600 ಮತ್ತು 700 ನೋಡಿದರೆ ನಾಲ್ಕನೆಯ ಕಾರಣದ ವಾಸನೆ ಬರುತ್ತದೆ. ಕೇಳಿದ್ದರಲ್ಲಿ ಶೇ. 95ರಷ್ಟೇ ಬರುತ್ತದೆಂದು ಗೊತ್ತಿದ್ದ ಪ್ಲಾನರ್ ಹೆಚ್ಚಿಗೆ ಬರೆದಿರಬಹುದು. ಹಾಗಿದ್ದರೆ ನಿಮ್ಮ ಶೇ. 5ರ ಕೊರತೆಯೇ ಅವರ ಶೇ. 33ರ ಏರಿಕೆಗೆ ಬೀಜ. ಇದನ್ನು ನೀವು ಒಪ್ಪಿಕೊಂಡೇ ಮಾತಿಗೆ ಕೂರಬೇಕು.

ಪರಿಹಾರವೂ ಇಬ್ಬರದ್ದೇ. ಮೊದಲ ಎರಡು ವಾರದ ಷೆಡ್ಯೂಲ್ ಮುಟ್ಟುವಂತಿಲ್ಲ, ಮೂರನೇ ನಾಲ್ಕನೇ ವಾರದ್ದು ಶೇ. 15ರ ಒಳಗೆ ಬದಲಾಗಬಹುದು ಎಂಬಂಥ ಒಪ್ಪಂದ. ಈ ಮಿತಿಗಳನ್ನು ನಿಮ್ಮ ಕೋರ್ (ಎರಕದ ಒಳಗಿನ ಟೊಳ್ಳಿಗಾಗಿ ಇಡುವ ಮರಳಿನ ಅಚ್ಚು) ಮಾಡುವ ಸಾಮರ್ಥ್ಯ ನೋಡಿ ನೀವೇ ಹಾಕಿಕೊಳ್ಳಿ. ಮಿತಿಯೊಳಗಿನ ಬದಲಾವಣೆಗೆ ನೀವು ಹೊಣೆ, ಮಿತಿ ಮೀರಿದ್ದಕ್ಕೆ ರೇಟಿಂಗ್‌ನಲ್ಲಿ ಅಂಕ ಕಡಿತವಿಲ್ಲ. ಜೊತೆಗೆ ನಿಮ್ಮ ಕಡೆಯ ಕ್ಯಾಲೆಂಡರ್ ಅವರ ಕೈಗೆ ಮೊದಲೇ ಹೋಗಬೇಕು. ಶಿವಮೊಗ್ಗದ ಕೋಟೆ ಮಾರಿಕಾಂಬ ಜಾತ್ರೆ ಎರಡು ವರ್ಷಕ್ಕೊಮ್ಮೆ, ಸಾಗರದ್ದು ಮೂರು ವರ್ಷಕ್ಕೊಮ್ಮೆ, ಆ ವಾರ ನಿಮ್ಮ ಮೋಲ್ಡಿಂಗ್‌ನಲ್ಲಿ ಎಷ್ಟು ಜನ ಇರುತ್ತಾರೆ ಅನ್ನುವುದು ಬೆಂಗಳೂರಿನ ಪ್ಲಾನರ್‌ಗೆ ತಿಳಿಯಲು ದಾರಿಯೇ ಇಲ್ಲ. ಅಡಿಕೆ ಕೊಯ್ಲು ಶುರುವಾದರೆ ಫೆಟ್ಲಿಂಗ್‌ನ ಅರ್ಧ ಜನ ಊರಿಗೆ ಹೋಗುತ್ತಾರೆ, ಅದೂ ಅಷ್ಟೇ. ಮಳೆಗಾಲದ ಮೂರು ತಿಂಗಳು ಮರಳು, ಕೋರ್ ತೇವ ಹಿಡಿದು ರಿಜೆಕ್ಷನ್ ಏರುತ್ತದೆಂದು ನೀವೇ ಬರೆದಿದ್ದೀರಿ. ಅದನ್ನು ಮೇ ತಿಂಗಳಲ್ಲೇ ಹೇಳಿ, ಹತ್ತು ದಿನದ ಸರಕು ಮುಂಚೆಯೇ ಮಾಡಿಡಲು ಅವರ ಒಪ್ಪಿಗೆ ಪಡೆಯಿರಿ. ಜುಲೈಯಲ್ಲಿ ಹೇಳಿದರೆ ಅದು ನೆಪ ಅನ್ನಿಸಿಕೊಳ್ಳುತ್ತದೆ.

ಷೆಡ್ಯೂಲ್ ಹದವಾಗಿದೆಯೋ ಇಲ್ಲವೋ ನೋಡಲು ಸುಲಭದ ಇನ್ನೊಂದು ಗುರುತಿದೆ: ತುರ್ತು ಬಾಡಿಗೆ. ತಿಂಗಳಲ್ಲಿ ಎಷ್ಟು ಸಲ ಐವತ್ತು ತುಂಡು ಹೇರಿಕೊಂಡು ಪಿಕಪ್ ಗಾಡಿ ರಾತ್ರೋರಾತ್ರಿ ಓಡಿತು? ವಾಹನ ಉದ್ಯಮದ ಐಎಟಿಎಫ್ 16949 ಮಾನದಂಡದಲ್ಲಿ ಸರಬರಾಜುದಾರರ ಮೇಲೆ ನಿಗಾ ಇಡುವಾಗ ಗುಣಮಟ್ಟ, ಷೆಡ್ಯೂಲ್ ಪಾಲನೆಗಳ ಜೊತೆ ಇದನ್ನೂ ಎಣಿಸಬೇಕೆಂದಿದೆ. ನಿಮ್ಮದು ಪಂಪ್ ಉದ್ಯಮ, ಕಡ್ಡಾಯವೇನಲ್ಲ, ಆದರೂ ಎಣಿಸಿ. ಬಾಡಿಗೆ ಯಾರು ಕೊಟ್ಟರು ಅನ್ನುವುದು ಬೇರೆ ಕಾಲಂ.

ಮೂರನೆಯದು ಗುಣಮಟ್ಟ, ಇದರಲ್ಲಿ ನೀವು ಕಳಿಸಿದ ವರದಿ ತುಂಬ ಹೇಳುತ್ತದೆ. 1140ರಲ್ಲಿ 27 ರಿಜೆಕ್ಷನ್. ಹತ್ತು ಲಕ್ಷಕ್ಕೆ ಎಷ್ಟು ಎಂಬ ಅವರ ಪಿಪಿಎಂ ಲೆಕ್ಕದಲ್ಲಿ ಸುಮಾರು 23,700. ಅಂಕಿ ದೊಡ್ಡದಾಗಿ ಕಾಣುತ್ತದೆ, ಆದರೆ ಏನನ್ನೂ ಕಲಿಸುವುದಿಲ್ಲ. 27ರಲ್ಲಿ 19 ತುಂಡು ಅವರಲ್ಲಿ ಫಿನಿಶ್ ಬೋರಿಂಗ್ ಆದ ಮೇಲೆ ಬಾಸ್‌ನ (ಉಬ್ಬಿದ ದಪ್ಪ ಭಾಗದ) ಬುಡದಲ್ಲಿ ಶ್ರಿಂಕೇಜ್ (ಲೋಹ ಕುಗ್ಗಿ ಉಳಿದ ಪೊಳ್ಳು) ತೋರಿಸಿವೆ. ಡ್ರಾಯಿಂಗ್ ನೋಡಿದೆ: ತೆಳ್ಳಗಿನ ಫ್ಲ್ಯಾಂಜ್ (ಚಪ್ಪಟೆ ಅಂಚು) ದಪ್ಪ ಬಾಸ್‌ಗೆ ಸೇರುವ ಜಾಗ ಅದು. ತೆಳ್ಳಗಿನ ಕಡೆ ಮೊದಲು ಗಟ್ಟಿಯಾಗಿ, ದಪ್ಪ ಕಡೆಗೆ ಹರಿಯಬೇಕಾದ ದ್ರವ ಲೋಹದ ದಾರಿ ಕಟ್ಟಿಹೋಗುತ್ತದೆ, ಒಳಗೆ ಪೊಳ್ಳು ಉಳಿಯುತ್ತದೆ. ನೀವು ರೈಸರ್ (ಲೋಹ ಕುಗ್ಗಿದಾಗ ತುಂಬಿಕೊಡಲು ಅಚ್ಚಿನಲ್ಲಿ ಬಿಡುವ ದ್ರವ ಲೋಹದ ಗುಂಡಿ) ದೊಡ್ಡದು ಮಾಡಿ ಅಷ್ಟಿಷ್ಟು ಸರಿಮಾಡಬಹುದು, ಆದರೆ ಆ ಸಂದಿಯ ತಿರುವನ್ನು ಸ್ವಲ್ಪ ಸಡಿಲಿಸಿ ಡ್ರಾಯಿಂಗ್ ತಿದ್ದುವ ಅಧಿಕಾರ ಅವರ ಡಿಸೈನ್ ವಿಭಾಗದ್ದು. ಹನ್ನೊಂದು ವರ್ಷದಲ್ಲಿ ಆ ವಿಭಾಗದ ಯಾರೂ ನಿಮ್ಮ ಫೌಂಡ್ರಿಗೆ ಬಂದಿಲ್ಲವೆಂದು ಬರೆದಿದ್ದೀರಿ. ನನಗೆ ಈ ಪತ್ರದಲ್ಲೆಲ್ಲ ಬೇಸರ ತರಿಸಿದ ಸಾಲು ಅದು.

ಹಾಗಾಗಿ ಇಲ್ಲಿ ಎಣಿಸಬೇಕಾದದ್ದು ದೋಷ ಯಾವ ಹಂತದಲ್ಲಿ ಸಿಕ್ಕಿತು, ಅಲ್ಲಿಯವರೆಗೆ ಇಬ್ಬರೂ ಸೇರಿ ಅದರ ಮೇಲೆ ಎಷ್ಟು ಖರ್ಚು ಮಾಡಿದ್ದರು ಅನ್ನುವುದು. ಫೆಟ್ಲಿಂಗ್‌ನಲ್ಲೇ ಸಿಕ್ಕಿದರೆ ಲೋಹ ಮರಳಿ ಫರ್ನೇಸ್‌ಗೆ ಹೋಗುತ್ತದೆ, ನಷ್ಟ ಕರೆಂಟು, ಕೂಲಿ. ನಿಮ್ಮ ಮಷಿನ್ ಮೇಲೆ ಸಿಕ್ಕಿದರೆ ಟೂಲ್, ಸಮಯವೂ ಸೇರಿತು. ಅವರ ಬೋರಿಂಗ್‌ನಲ್ಲಿ ಸಿಕ್ಕಿದರೆ ಮುನ್ನೂರು ಕಿಲೋಮೀಟರ್ ಬಾಡಿಗೆ, ಅವರ ಮಷಿನ್ ಸಮಯ, ವಾಪಸ್ ಬಾಡಿಗೆ. ರೈತರ ಬಾವಿಯಲ್ಲಿ ಸೋರಿದರೆ ಲೆಕ್ಕವೇ ಇಲ್ಲ. ಡೆಬಿಟ್ ನೋಟ್ (ನಿಮ್ಮ ಬಿಲ್ಲಿನಲ್ಲಿ ಹಣ ಮುರಿದುಕೊಳ್ಳುವ ಚೀಟಿ) ಈ ಖರ್ಚನ್ನು ಒಬ್ಬರ ಜೇಬಿನಿಂದ ಇನ್ನೊಬ್ಬರ ಜೇಬಿಗೆ ದಾಟಿಸುತ್ತದೆಯೇ ಹೊರತು ಕಡಿಮೆ ಮಾಡುವುದಿಲ್ಲ. ಒಟ್ಟು ಖರ್ಚು ತಿಂಗಳಿಂದ ತಿಂಗಳಿಗೆ ಇಳಿಯುತ್ತಿದೆಯೇ ಎಂದು ನೋಡುವುದೇ ಇಬ್ಬರಿಗೂ ಸೇರಿದ ಅಳತೆ.

ಸಮಯಕ್ಕೆ, ಪೂರ್ತಿ, ದೋಷವಿಲ್ಲದೆ, ಸರಿಯಾದ ಕಾಗದದೊಂದಿಗೆ ಬಂದ ಸರಕು ಎಷ್ಟು ಎಂಬ ಅಳತೆಯನ್ನೂ ಅವರು ಕೇಳಬಹುದು, ದೊಡ್ಡ ಕಂಪನಿಗಳಲ್ಲಿ ಅದು ರೂಢಿಯಲ್ಲಿದೆ. ಒಪ್ಪಿಕೊಳ್ಳಿ, ಆದರೆ ಅದರ ಗಣಿತ ಮೊದಲೇ ಗೊತ್ತಿರಲಿ. ನಾಲ್ಕರಲ್ಲೂ ಶೇ. 95 ಇದ್ದರೆ, ಒಂದು ಎಡವಟ್ಟಿಗೂ ಇನ್ನೊಂದಕ್ಕೂ ಸಂಬಂಧವಿಲ್ಲದಿದ್ದರೆ, ನಾಲ್ಕೂ ಸರಿಯಿರುವುದು ಶೇ. 81ರಷ್ಟು ಮಾತ್ರ. ಯಾಕೆಂದರೆ ಇಲ್ಲಿ ಗುಣಾಕಾರ, ಸರಾಸರಿಯಲ್ಲ. 81 ಕಂಡು ಇಬ್ಬರೂ ಗಾಬರಿಯಾಗಬಾರದು.

ಇನ್ನು ಹಣ. ಇದನ್ನು ಬರೆಯಲು ಸಣ್ಣವರು ಹಿಂಜರಿಯುತ್ತಾರೆ, ಆದರೆ ಪಾಲುದಾರಿಕೆಯ ಹಾಳೆಯಲ್ಲಿ ಇದಿಲ್ಲದಿದ್ದರೆ ಉಳಿದದ್ದು ಅರ್ಧ. ನೀವು ಪಿಗ್ ಐರನ್, ಸ್ಕ್ರ್ಯಾಪ್‌ಗೆ ದುಡ್ಡು ಕೊಟ್ಟ ದಿನದಿಂದ ನಿಮ್ಮ ಖಾತೆಗೆ ದುಡ್ಡು ಬಂದ ದಿನದವರೆಗೆ ಎಷ್ಟು ದಿನ ಎಂದು ಬರೆಯಿರಿ. ನಿಮ್ಮ ಬಿಲ್‌ಗಳಲ್ಲಿ 45 ದಿನವನ್ನು ಜಿ.ಆರ್.ಎನ್.ನಿಂದ ಎಣಿಸಿದ್ದಾರೆ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮ) ಅಭಿವೃದ್ಧಿ ಕಾಯ್ದೆ ಹಾಗೆ ಹೇಳುವುದಿಲ್ಲ. ಲೆಕ್ಕ ಸರಕು ತಲುಪಿದ ದಿನದಿಂದ. ತಲುಪಿದ 15 ದಿನದೊಳಗೆ ಲಿಖಿತ ಆಕ್ಷೇಪ ಬಂದರೆ ಮಾತ್ರ ಅದು ಬಗೆಹರಿದ ದಿನದಿಂದ. ಲಿಖಿತ ಒಪ್ಪಂದವಿದ್ದರೂ ಅವಧಿ 45 ದಿನ ಮೀರುವಂತಿಲ್ಲ, ಒಪ್ಪಂದವಿಲ್ಲದಿದ್ದರೆ 15 ದಿನದಲ್ಲೇ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿ. ಅದಲ್ಲದೆ 2023-24ರಿಂದ, ಸರ್ಕಾರದ ಉದ್ಯಮ್ ಪಟ್ಟಿಯಲ್ಲಿ ನೋಂದಣಿಯಾದ ಸೂಕ್ಷ್ಮ, ಸಣ್ಣ ಉದ್ಯಮಕ್ಕೆ ಈ ಅವಧಿ ಮೀರಿ ಉಳಿಸಿಕೊಂಡ ಬಾಕಿಯನ್ನು ಕೊಳ್ಳುವವರು ಆ ವರ್ಷದ ಖರ್ಚೆಂದು ಆದಾಯ ತೆರಿಗೆಯಲ್ಲಿ ತೋರಿಸುವಂತಿಲ್ಲ, ಹಣ ಕೊಟ್ಟ ವರ್ಷವೇ ತೋರಿಸಬೇಕು. ಆಡಿಟರ್‌ಗಳು 43ಬಿ(ಎಚ್) ಎನ್ನುವುದು 1961ರ ಆದಾಯ ತೆರಿಗೆ ಕಾಯ್ದೆಯ ಈ ನಿಯಮಕ್ಕೇ. ಹಾಗಾಗಿ ಅವರ ಅಕೌಂಟ್ಸ್ ವಿಭಾಗಕ್ಕೂ ಈ ಅಂಕಿ ಬೇಕಾಗಿದೆ. ನಿಮ್ಮ ಉದ್ಯಮ್ ನಂಬರ್ ಬಿಲ್ ಮೇಲೆ ಅಚ್ಚಾಗಿಲ್ಲ, ಮೊದಲು ಅದನ್ನು ಹಾಕಿಸಿ. ಅವರ ವಹಿವಾಟು 250 ಕೋಟಿ ಮೀರಿದ್ದರೆ ಟ್ರೆಡ್ಸ್ ಎಂಬ, ಬಿಲ್ ಆಧಾರದ ಮೇಲೆ ಹಣ ಸಿಗುವ ಆನ್‌ಲೈನ್ ವೇದಿಕೆಯಲ್ಲಿ ನೋಂದಾಯಿಸಿಕೊಳ್ಳುವುದು ಅವರಿಗೆ ಕಡ್ಡಾಯ. ಅಲ್ಲಿ ನಿಮ್ಮ ಬಿಲ್ ಒಪ್ಪಿದರೆ ಬ್ಯಾಂಕ್ ಮುಂಚೆಯೇ ಹಣ ಕೊಡುತ್ತದೆ. ದಾವೆ, ನೋಟಿಸು ಅಂತ ಇದನ್ನು ಎತ್ತಬೇಡಿ. ದಿನಗಳ ಒಂದು ಕಾಲಂ ಆಗಿ ಇಟ್ಟರೆ ಸಾಕು.

ನಂಬಿಕೆಯನ್ನೂ ಅಳೆಯಬಹುದೇ ಎಂದು ಕೆಲವರು ಕೇಳುತ್ತಾರೆ. ಸಿಮಾತುಪಾಂಗ್ ಮತ್ತು ಶ್ರೀಧರನ್ ಎಂಬ ಇಬ್ಬರು ಸಂಶೋಧಕರು ಸಹಕಾರವನ್ನು ಅಳೆಯಲು ಮೂರು ಮುಖಗಳನ್ನು ಮುಂದಿಟ್ಟರು: ಮಾಹಿತಿ ಹಂಚಿಕೊಳ್ಳುವುದು, ನಿರ್ಧಾರವನ್ನು ಕೂಡಿ ಮಾಡುವುದು, ಲಾಭನಷ್ಟ ಇಬ್ಬರಿಗೂ ಹೊಂದುವಂತಿರುವುದು. ನಾನು ಇದನ್ನು ಇನ್ನೂ ಸರಳ ಮಾಡಿ ಬಳಸುತ್ತೇನೆ. ‘ಷೆಡ್ಯೂಲ್ ಬದಲಾವಣೆ ಎಷ್ಟು ದಿನ ಮುಂಚೆ ತಿಳಿಯುತ್ತದೆ?’, ‘ರಿಜೆಕ್ಷನ್ ಆದ ತುಂಡಿನ ಫೋಟೊ ಎಷ್ಟು ದಿನದಲ್ಲಿ ತಲುಪುತ್ತದೆ?’ ಇಂಥ ಆರೇಳು ಪ್ರಶ್ನೆಗಳನ್ನು ಎರಡೂ ಕಡೆಯವರು ಬೇರೆ ಬೇರೆ ಕೂತು ಬರೆಯಬೇಕು. ಅವರು ಹತ್ತು ದಿನ ಎಂದು ಬರೆದು ನೀವು ಮೂರು ದಿನ ಎಂದು ಬರೆದರೆ, ಆ ಏಳು ದಿನದ ಅಂತರವೇ ನಾವು ಹುಡುಕುತ್ತಿದ್ದ ಅಂಕಿ.

ಇವೆಲ್ಲವನ್ನೂ ತೂಕ ಹಾಕಿ ಕೂಡಿಸಿ ಒಂದೇ ಸೂಚ್ಯಂಕ ಮಾಡೋಣ ಎಂದು ಅವರು ಹೇಳುವ ಸಾಧ್ಯತೆ ಇದೆ. ದಯವಿಟ್ಟು ಒಪ್ಪಬೇಡಿ. 78 ಇದ್ದದ್ದು 80 ಆಯಿತು ಎಂದರೆ ಮರಳು ಸುಧಾರಿಸಿತೋ, ಷೆಡ್ಯೂಲ್ ಸುಧಾರಿಸಿತೋ ಯಾರಿಗೂ ತಿಳಿಯುವುದಿಲ್ಲ, ತೂಕ ಹಾಕುವ ಅಧಿಕಾರ ಮಾತ್ರ ಮತ್ತೆ ಒಬ್ಬರ ಕೈಗೇ ಹೋಗುತ್ತದೆ.

ಉಳಿತಾಯದ ಪಾಲಿನ ಮಾತು ಮೊದಲೇ ಆಗಬೇಕು. ಡ್ರಾಯಿಂಗ್ ತಿದ್ದಿ 19 ರಿಜೆಕ್ಷನ್ 3ಕ್ಕೆ ಇಳಿಯಿತು ಅನ್ನಿ, ಮರುವರ್ಷ ಅವರು ‘ನಿಮ್ಮ ಖರ್ಚು ಕಡಿಮೆಯಾಗಿದೆ, ದರ ಇಳಿಸಿ’ ಎಂದರೆ ಮುಂದೆ ನೀವು ಒಂದು ಅಂಕಿಯನ್ನೂ ನಿಜ ಹೇಳುವುದಿಲ್ಲ. ಅಮೆರಿಕದ ಕ್ರೈಸ್ಲರ್ ಕಂಪನಿ 1990ರ ಆಸುಪಾಸಿನಲ್ಲಿ ಸರಬರಾಜುದಾರರಿಂದ ಖರ್ಚು ಇಳಿಸುವ ಸಲಹೆ ಕೇಳಿ, ಉಳಿದ ಹಣದಲ್ಲಿ ಅವರಿಗೂ ಪಾಲು ಇಟ್ಟಿತು, ಸಲಹೆಗಳು ಬಂದದ್ದು ಅದರಿಂದಲೇ. ನಿಮ್ಮ ವಿಷಯದಲ್ಲಿ ಮೊದಲ ವರ್ಷ ಅರ್ಧ ಅರ್ಧ ಎಂದು ಕೇಳುವುದು ನ್ಯಾಯವಾಗಿದೆ.

ಈಗ ನಿಮ್ಮ ಅಂಜಿಕೆ. ಅದು ಸುಳ್ಳಲ್ಲ, ದೊಡ್ಡವರ ಜೊತೆಗಿನ ವ್ಯವಹಾರದಲ್ಲಿ ಸಣ್ಣವರು ಎಚ್ಚರದಿಂದಲೇ ಇರಬೇಕು. ಆದ್ದರಿಂದ ಉತ್ತರದಲ್ಲಿ ‘ನಿಮ್ಮ ತಪ್ಪು’ ಎಂಬ ಪದವೇ ಬೇಡ. ಬೇರಿಂಗ್ ಹೌಸಿಂಗ್ ಒಂದನ್ನೇ ಆರಿಸಿಕೊಳ್ಳಿ. ಮೂರು ತಿಂಗಳ ಪ್ರಯೋಗ, ಆ ಮೂರು ತಿಂಗಳ ಅಂಕಿಗಳು ದರ್ಜೆಗೂ ಆರ್ಡರಿಗೂ ಲೆಕ್ಕವಿಲ್ಲ ಎಂದು ಮೊದಲ ಸಾಲಿನಲ್ಲೇ ಕೇಳಿಕೊಳ್ಳಿ. ಹಾಳೆಯ ಮೇಲ್ಭಾಗದಲ್ಲಿ ನಿಮ್ಮ ಕೆಟ್ಟ ಅಂಕಿಯನ್ನು ನೀವೇ ಬರೆಯಿರಿ: ಫೆಟ್ಲಿಂಗ್ ಆದ ಮೇಲೆ ನಮ್ಮಲ್ಲಿ ತುಂಡು ಇಷ್ಟು ದಿನ ಸುಮ್ಮನೆ ಕೂರುತ್ತದೆ, ಇದನ್ನು ಇಳಿಸುತ್ತೇವೆ ಎಂದು. ಅದರ ಕೆಳಗೆ ಉಳಿದ ಹಂತಗಳು ಹೆಸರಿನೊಂದಿಗೆ ಬರಲಿ, ವಿಭಾಗದ ಅಧಿಕಾರಿಗಳ ಹೆಸರು ಬೇಡ. ಸಭೆಗೆ ಪರ್ಚೇಸ್‌ನವರ ಜೊತೆ ಅವರ ಪ್ಲಾನಿಂಗ್‌ನವರೊಬ್ಬರು, ಡಿಸೈನ್‌ನವರೊಬ್ಬರು ಇರಬೇಕೆಂದು ಕೇಳಿ, ಸಾಧ್ಯವಾದರೆ ಮೊದಲ ಸಭೆ ಮಾಚೇನಹಳ್ಳಿಯಲ್ಲೇ ಆಗಲಿ. ಕರಗಿದ ಲೋಹ ಆ ಸಂದಿಗೆ ಇಳಿಯುವುದನ್ನು ಡ್ರಾಯಿಂಗ್ ಮಾಡಿದವರು ಒಮ್ಮೆ ಕಣ್ಣಾರೆ ನೋಡಲಿ.

ಒಪ್ಪದಿದ್ದರೆ? ಆಗಲೂ ನಿಮ್ಮ ಭಾಗದ ಹಾಳೆಯನ್ನು ನೀವೊಬ್ಬರೇ ಬರೆಯಲು ಶುರು ಮಾಡಿ: ಹೀಟ್ ನಂಬರ್, ಹೊಯ್ದ ದಿನ, ಲಾರಿ ಹತ್ತಿದ ದಿನ, ಗೇಟ್ ತಲುಪಿದ ದಿನ, ಷೆಡ್ಯೂಲ್ ಬದಲಾದ ದಿನ ಮತ್ತು ಅಂಕಿ, ಹಣ ಬಂದ ದಿನ. ಷೆಡ್ಯೂಲ್‌ನ ಪ್ರತಿ ಆವೃತ್ತಿಯನ್ನೂ ಬಂದ ದಿನವೇ ಪ್ರಿಂಟ್ ತೆಗೆದು ಫೈಲ್ ಮಾಡಿ, ಕಂಪ್ಯೂಟರ್‌ನಲ್ಲಿ ಅದು ಉಳಿಯುವುದಿಲ್ಲ. ಮುಂದಿನ ರೇಟಿಂಗ್ ಬಂದಾಗ ಉತ್ತರದ ಜೊತೆ ಆ ಒಂದು ಪುಟ ಲಗತ್ತಿಸಿ ಕಳಿಸಿ. ಮೂರು ತಿಂಗಳ ಪುಟಗಳನ್ನು ನನಗೂ ಕಳಿಸಿದರೆ, ಯಾವ ಹಂತದಿಂದ ಮಾತು ಶುರು ಮಾಡಬೇಕೆಂದು ನೋಡಿ ಬರೆಯುತ್ತೇನೆ.